ಹೊಸ ಮನೆಗೆ ಆರ್‌ಓ ಹಾಕಿಸ್ಲಾ, ಮಳೆನೀರಿಗೆ ಸಂಪ್ ಕಟ್ಟಿಸ್ಲಾ? (ಕೋಲಾರ)

ವೇಮಗಲ್_ಹುಡ್ಗ
ಎಲ್ರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು. ಕೋಲಾರ ತಾಲ್ಲೂಕಲ್ಲಿ 30/40 ಸೈಟಲ್ಲಿ ಮನೆ ಕಟ್ಟಿಸ್ತಾ ಇದೀವಿ, ಗೋಡೆ ಎದ್ದಿದೆ, ಮೋಲ್ಡ್ ಹಾಕೋದು ಬಾಕಿ. ನಮ್ಮ ಕಡೆ ಬೋರ್‌ನೀರು ಗೊತ್ತಲ್ಲ, ಬಕೆಟ್ಟಿಗೆಲ್ಲಾ ಬಿಳೀ ಪೊರೆ, ಸೋಪು ಉಜ್ಜಿದ್ರೆ ನೊರೇನೇ ಬರಲ್ಲ, ಗೀಸರ್ ಕಾಯಿಲ್ ಎಷ್ಟು ಸಲ ಬದಲಾಯಿಸಿದೀವೋ ಲೆಕ್ಕ ಇಲ್ಲ. ಬಾಡಿಗೆ ಮನೇಲಿ ಇಷ್ಟು ದಿನ ಕ್ಯಾನ್ ನೀರಲ್ಲೇ ತಳ್ಳಿದ್ವಿ. ಹೊಸ ಮನೇಲಿ ಏನ್ ಮಾಡೋದು ಅಂತ ಈಗ ಮನೇಲಿ ಮೂರು ಪಾರ್ಟಿ ಆಗೋಗಿದೆ. ಹೆಂಡ್ತಿ ಆರ್‌ಓ (ಲವಣ ತೆಗೆದು ನೀರು ಸೋಸೋ ಮಷೀನು) ಅಂತಾಳೆ. ಅಮ್ಮ ಮಳೆನೀರು ಹಿಡಿಯೋಣ, ಅಡುಗೆಗೂ ಅದೇ ಚೆನ್ನ ಅಂತಾರೆ. ತಮ್ಮ ಮಾತ್ರ ಕ್ಯಾನೇ ಸಾಕು ಬಿಡಣ್ಣ ಊರೆಲ್ಲಾ ಕುಡೀತಿಲ್ವಾ ಅಂತಾನೆ. ಮೇಸ್ತ್ರಿನ ಕೇಳಿದ್ರೆ ಮಳೆನೀರಿಗೆ ಬೇರೆ ಸಂಪೇ ಬೇಕು, ಹತ್ತು ಸಾವಿರ ಲೀಟರ್, ಲೀಟರಿಗೆ 20 ರೂಪಾಯಿ ಅಂತ ಸೀದಾ 2 ಲಕ್ಷ ಹೇಳ್ಬಿಟ್ಟ. ನಾವು ಐದು ಜನ, ಅದ್ರಲ್ಲಿ ಇಬ್ರು ಚಿಕ್ಕ ಮಕ್ಳು. ನಮ್ಮ ಮೂರು ಜಿಲ್ಲೆ (ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು) ಕಡೆ ಯಾರಾದ್ರೂ ನಿಜವಾಗ್ಲೂ ಮಳೆನೀರು ಕುಡೀತಾ ಇದೀರಾ? ಯೂಟ್ಯೂಬ್ ಲಿಂಕ್ ಹಾಕ್ಬೇಡಿ ದಯವಿಟ್ಟು, ಅನುಭವ ಹೇಳಿ.

ಟೊಮೇಟೊ_ಬಾಕ್ಸ್
ಆರ್‌ಓ ಹಾಕ್ಸಿ ನೆಮ್ಮದಿಯಾಗಿರಿ ಗುರು. ಗೋಡೆಗೆ ನೇತಾಕಿದ್ರೆ ಮುಗೀತು. ಎರಡು ಲಕ್ಷದಲ್ಲಿ ಎಷ್ಟು ಆರ್‌ಓ ಬರುತ್ತೆ ಲೆಕ್ಕ ಹಾಕಿ.

ಬಂಗಾರಪೇಟೆ_ಲೋಕಲ್
ಕೋಲಾರದಲ್ಲಿ ಮಳೆನೀರಾ? ಮೊದ್ಲು ಮಳೆ ಎಲ್ಲಿದೆ ತೋರ್ಸಣ್ಣ ಹ್ಹಹ್ಹ

ಶಿಡ್ಲಘಟ್ಟ_ಗೂಡು
@ಬಂಗಾರಪೇಟೆ_ಲೋಕಲ್ ನಗೋದು ಬಿಟ್ಟು ಒಂದ್ಸಲ ಲೆಕ್ಕ ಹಾಕಿ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ ಮಳೆ ಬಿದ್ರೆ 1 ಲೀಟರ್ ನೀರು. ಇವ್ರ ತಾರಸಿ 1000 ಚದರಡಿ ಅಂದ್ಕೊಳಿ, ಅಂದ್ರೆ 93 ಚದರ ಮೀಟರ್. ನಮ್ಮ ಕಡೆ ವರ್ಷಕ್ಕೆ ಸರಾಸರಿ 700 ಮಿ.ಮೀ ಆಸುಪಾಸು ಬರುತ್ತೆ. ಗುಣಿಸಿದ್ರೆ 65 ಸಾವಿರ ಲೀಟರ್. ಮೊದಲ ಮಳೆ ಬಿಡೋದು, ಆವಿ ಆಗೋದು, ಚೆಲ್ಲೋದು ಅಂತ ಐದರಲ್ಲಿ ಒಂದು ಭಾಗ ತೆಗೆದ್ರೂ 52 ಸಾವಿರ ಉಳಿಯುತ್ತೆ. ಐದು ಜನಕ್ಕೆ ಕುಡಿಯೋಕೆ ಅಡುಗೆಗೆ ದಿನಕ್ಕೆ 25 ಲೀಟರ್ ಸಾಕು, ವರ್ಷಕ್ಕೆ 9 ಸಾವಿರ ಚಿಲ್ಲರೆ. ಬರಗಾಲ ಬಂದು ಅರ್ಧ ಮಳೆ ಆದ್ರೂ ಇವ್ರಿಗೆ ಬೇಕಾಗಿರೋದ್ಕಿಂತ ಜಾಸ್ತೀನೇ ತಾರಸಿ ಮೇಲೆ ಬೀಳುತ್ತೆ. ಸ್ನಾನ, ಬಟ್ಟೆ, ಪಾತ್ರೆ ಎಲ್ಲಾ ಮಳೆನೀರಲ್ಲೇ ಮಾಡ್ತೀನಿ ಅಂದ್ರೆ ಆಗ ಸಾಲಲ್ಲ, ಅದು ಬೇರೆ ಮಾತು. ಎಲ್ರೂ ಎಡವೋದು ಇಲ್ಲೇ, ಇಡೀ ಮನೆ ನೀರಿಗೆ ಲೆಕ್ಕ ಹಾಕಿ ಆಗಲ್ಲ ಅಂತ ಕೈ ಬಿಡ್ತಾರೆ.

ಬಂಗಾರಪೇಟೆ_ಲೋಕಲ್
ಲೆಕ್ಕ ಚೆನ್ನಾಗಿದೆ ಸಾರ್, ಆದ್ರೆ ಮಳೆ ನಿಮ್ಮ ಲೆಕ್ಕದ ಪ್ರಕಾರ ಬರಲ್ಲ. ಸೆಪ್ಟೆಂಬರ್ ಅಕ್ಟೋಬರಲ್ಲಿ ಒಂದೇ ಸಲ ಸುರಿದು ಆಮೇಲೆ ಯುಗಾದಿ ತನಕ ಆಕಾಶ ನೋಡ್ಕೊಂಡು ಕೂರ್ಬೇಕು.

ಶಿಡ್ಲಘಟ್ಟ_ಗೂಡು
ಅದಕ್ಕೇ ಟ್ಯಾಂಕು ಬೇಕಾಗಿರೋದು. ನವೆಂಬರ್ ಕೊನೆ ಹೊತ್ತಿಗೆ ಮಳೆ ನಿಲ್ಲುತ್ತೆ ಅಂದ್ಕೊಳಿ, ಏಪ್ರಿಲ್ ಕೊನೆ ಮೇ ಹೊತ್ತಿಗೆ ಮುಂಗಾರು ಪೂರ್ವ ಮಳೆ ಒಂದೆರಡಾದ್ರೂ ಬರುತ್ತೆ. ನಡುವೆ ಆರು ತಿಂಗ್ಳು, 180 ದಿನ, ದಿನಕ್ಕೆ 25 ಲೀಟರ್, ಒಟ್ಟು 4500. ಅಂದ್ರೆ ನವೆಂಬರಲ್ಲಿ ಟ್ಯಾಂಕ್ ತುಂಬಿದ್ರೆ 5 ಸಾವಿರ ಲೀಟರಲ್ಲೇ ಬೇಸಿಗೆ ದಾಟಬಹುದು. ಭಯ ಇದ್ರೆ 6 ಮಾಡ್ಕೊಳಿ. ಮೇಸ್ತ್ರಿ ಹೇಳಿರೋ 10 ಸಾವಿರ ಯಾವ ಲೆಕ್ಕದಲ್ಲಿ ಬಂತೋ ಅವ್ನನ್ನೇ ಕೇಳಿ.

ಮಾಲೂರು_ಪ್ಲಂಬರ್
ಮೇಸ್ತ್ರಿಗೆ ಲೀಟರ್ ಲೆಕ್ಕದಲ್ಲಿ ದುಡ್ಡು ಬರೋದು ಸಾರ್, ಅವ್ನು ಯಾಕೆ 5 ಅಂತಾನೆ.

ಬೇಳೆಸಾರು_ಅಕ್ಕ
ಗೌರಿಬಿದನೂರು ಕಡೆಯವಳು ನಾನು. ನಮ್ಮನೇಲಿ ಮಳೆನೀರು ಕುಡೀತೀವಿ, ಅಡುಗೆಗೂ ಅದೇ. ಶುರು ಮಾಡಿದ್ದು ಆರೋಗ್ಯಕ್ಕಲ್ಲ, ಬೇಳೆಗೆ. ಬೋರ್‌ನೀರಲ್ಲಿ ತೊಗರಿಬೇಳೆ ಎಷ್ಟು ಸೀಟಿ ಹೊಡೆಸಿದ್ರೂ ಕಾಳು ಕಾಳಾಗೇ ಇರೋದು, ಗ್ಯಾಸ್ ಖಾಲಿ ಆಗೋದು, ಅತ್ತೆ ಹತ್ರ ಮಾತು ಬೇರೆ. ಗಡಸು ನೀರಲ್ಲಿರೋ ಕ್ಯಾಲ್ಸಿಯಂ ಮೆಗ್ನೀಷಿಯಂ ಬೇಳೆ ಒಳಗಿನ ಅಂಟಿನ (ಪೆಕ್ಟಿನ್) ಜೊತೆ ಗಟ್ಟಿ ಕೂತ್ಕೊಂಡು ಬೇಯೋಕೆ ಬಿಡಲ್ಲ ಅಂತ ಆಮೇಲೆ ಗೊತ್ತಾಗಿದ್ದು. ಮಳೆನೀರಲ್ಲಿ ಇಟ್ರೆ ಬೆಣ್ಣೆ. ಟೀ ಬಣ್ಣಾನೇ ಬೇರೆ ಬರುತ್ತೆ. ಅವರೆಕಾಳು ಸೀಸನ್ನಲ್ಲಿ ಹಿತಕಬೇಳೆ ಸಾರು ಮಾಡಿ ನೋಡಿ, ಆಮೇಲೆ ನಿಮ್ಮೆಜಮಾನ್ತಿನೇ ಆರ್‌ಓ ಬೇಡ ಅಂತಾರೆ.

ಟೊಮೇಟೊ_ಬಾಕ್ಸ್
ಅಕ್ಕ ಆರ್‌ಓ ನೀರಲ್ಲೂ ಬೇಳೆ ಬೇಯುತ್ತೆ.

ಬೇಳೆಸಾರು_ಅಕ್ಕ
ಬೇಯುತ್ತೆ ತಮ್ಮಾ. ನಿಮ್ಮನೇಲಿ ಆರ್‌ಓ ನೀರಲ್ಲಿ ಬೇಳೆ ಇಡ್ತಾರಾ ಕೇಳ್ನೋಡು. ಅಕ್ಕಪಕ್ಕದ ಮನೆಗಳಲ್ಲೆಲ್ಲಾ ನೋಡಿದೀನಿ, ಕುಡಿಯೋಕೆ ಆರ್‌ಓ, ಮುದ್ದೆ ಅನ್ನ ಸಾರಿಗೆ ಸೀದಾ ನಲ್ಲಿ ನೀರು. ಆ ಮಷೀನಿಂದ ಒಂದು ಪಾತ್ರೆ ತುಂಬೋಕೆ ಎಷ್ಟೊತ್ತು ಬೇಕು ಅಂತ ಅಡುಗೆ ಮಾಡೋರಿಗೇ ಗೊತ್ತು.

ಪಾವಗಡ_ಬಿಸಿಲು
ಅಕ್ಕ ಹೇಳಿದ್ದು ಬಹಳ ಮುಖ್ಯ, ಯಾರೂ ಗಮನ ಕೊಡಲ್ಲ. ನಮ್ಮ ಪಾವಗಡ ಬೋರ್‌ನೀರಲ್ಲಿರೋ ಫ್ಲೋರೈಡಿಗೆ (ಜಾಸ್ತಿ ಆದ್ರೆ ಹಲ್ಲು ಮೂಳೆ ಕೆಡಿಸೋ ಲವಣ) ಹೆಸರುವಾಸಿ, ಸೋಲಾರ್ ಪಾರ್ಕ್ ಬರೋಕೆ ಮುಂಚೆ ನಮ್ಮೂರು ಪೇಪರಲ್ಲಿ ಬರ್ತಿದ್ದಿದ್ದೇ ಅದಕ್ಕೆ. ನಮ್ಮಜ್ಜಿ ಕಾಲಕ್ಕೆ ಐವತ್ತು ದಾಟಿದ್ರೆ ಸೊಂಟ ಬಗ್ಗೋದು, ಮಂಡಿ ಮಡಿಸೋಕಾಗದೆ ಇರೋದು ಮಾಮೂಲು, ವಯಸ್ಸಾಯ್ತು ಅಂತ ಸುಮ್ನಾಗೋರು. ಮುದ್ದೆಗೆ ಎಸರಿಡೋ ನೀರು, ಅನ್ನ ಹೀರೋ ನೀರು, ಸಾರಿನ ನೀರು ಎಲ್ಲಾ ಹೊಟ್ಟೆಗೇ ತಾನೇ ಹೋಗೋದು? ಕುಡಿಯೋದನ್ನ ಮಾತ್ರ ಶುದ್ಧ ಮಾಡಿ ಅಡುಗೇನ ಬೋರ್‌ನೀರಲ್ಲಿ ಮಾಡಿದ್ರೆ ಅರ್ಧ ಫ್ಲೋರೈಡ್ ಬಾಗ್ಲು ತೆಗೆದು ಒಳಗೆ ಕರೆದಂಗೆ. ನೀವು ಏನೇ ಹಾಕ್ಸಿ, ಅಡುಗೆ ನೀರೂ ಅದರಿಂದಾನೇ ಬರಬೇಕು.

ನಂದಿ_ತಪ್ಪಲು
ಚೆನ್ನಾಗಿ ಕುದಿಸಿ ಆರಿಸಿ ಕುಡುದ್ರೆ ಎಲ್ಲಾ ಹೋಗುತ್ತೆ, ನಮ್ಮ ಹಿರಿಯರು ಅದನ್ನೇ ಮಾಡಿದ್ದು.

ಪಾವಗಡ_ಬಿಸಿಲು
@ನಂದಿ_ತಪ್ಪಲು ಕ್ರಿಮಿ ಸಾಯುತ್ತೆ ಸಾರ್, ಫ್ಲೋರೈಡ್ ಹೋಗಲ್ಲ. ನೀರು ಆವಿ ಆದಷ್ಟೂ ಉಳಿದಿದ್ರಲ್ಲಿ ಅದು ಜಾಸ್ತೀನೇ ಆಗುತ್ತೆ. ಇದನ್ನ ಎಷ್ಟು ಸಲ ಹೇಳಿದ್ರೂ ಜನ ಕೇಳಲ್ಲ.

ಶ್ರೀನಿವಾಸಪುರ_ಮೇಷ್ಟ್ರು
ಮೊದಲು ನೀರು ಪರೀಕ್ಷೆ ಮಾಡಿಸಿ, ಆಮೇಲೆ ಉಳಿದ ಮಾತು. ಎಲ್ಲರೂ ಫ್ಲೋರೈಡ್ ಫ್ಲೋರೈಡ್ ಅಂತಿದೀರಿ, ಇವರ ಬೋರಲ್ಲಿ ಎಷ್ಟಿದೆ ಅಂತ ಯಾರಿಗೆ ಗೊತ್ತು? ಪಕ್ಕಪಕ್ಕದ ಎರಡು ಬೋರಲ್ಲೇ ವ್ಯತ್ಯಾಸ ಇರುತ್ತೆ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡದಲ್ಲಿ ಲೀಟರಿಗೆ 1 ಮಿಲಿಗ್ರಾಂ ತನಕ ಸರಿ, ಬೇರೆ ನೀರೇ ಇಲ್ಲ ಅನ್ನೋ ಕಡೆ 1.5 ತನಕ ಒಪ್ಪುತ್ತಾರೆ. ಜಿಲ್ಲಾ ಕೇಂದ್ರದಲ್ಲಿ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯ ಇದೆ, ಬಾಟಲಲ್ಲಿ ತೆಗೆದುಕೊಂಡು ಹೋಗಿ ಕೊಡಿ. ಜಲಜೀವನ್ ಮಿಷನ್ ಬಂದ ಮೇಲೆ ಪಂಚಾಯಿತಿಗಳಿಗೂ ಪರೀಕ್ಷೆ ಕಿಟ್ ಕೊಟ್ಟಿದಾರೆ, ಕೇಳಿ ನೋಡಿ. ಫ್ಲೋರೈಡ್, ನೈಟ್ರೇಟ್, ಗಡಸುತನ ಮೂರನ್ನೂ ಬರೆಸಿಕೊಳ್ಳಿ. ಚಿಕ್ಕ ಮಕ್ಕಳಿದ್ದಾರೆ ಅಂದ್ರಲ್ಲ, ಶಾಶ್ವತ ಹಲ್ಲು ಒಸಡೊಳಗೆ ಬೆಳೆಯೋ ವಯಸ್ಸು ಅದು, ಸುಮಾರು ಎಂಟು ವರ್ಷದ ತನಕ. ಆಗ ಕುಡಿದ ಫ್ಲೋರೈಡಿಂದ ಬಂದ ಕಲೆ ಯಾವ ಪೇಸ್ಟಿಂದಲೂ ಹೋಗಲ್ಲ. ನನ್ನ ಕ್ಲಾಸಲ್ಲಿ ಬಾಯಿ ಮುಚ್ಚಿಕೊಂಡು ನಗೋ ಮಕ್ಕಳನ್ನ ಸರ್ವಿಸ್ ಪೂರ್ತಿ ನೋಡಿದೀನಿ.

ವೇಮಗಲ್_ಹುಡ್ಗ
ಮೇಷ್ಟ್ರೇ ಟಿಡಿಎಸ್ ಮೀಟರಲ್ಲಿ ನೋಡಿದೀವಿ, 900 ತೋರಿಸ್ತು. ಅದು ಸಾಲಲ್ವಾ?

ಶ್ರೀನಿವಾಸಪುರ_ಮೇಷ್ಟ್ರು
ಸಾಲದಪ್ಪಾ. ನೀರಲ್ಲಿ ಒಟ್ಟು ಎಷ್ಟು ಲವಣ ಕರಗಿದೆ ಅಂತ ಮಾತ್ರ ಅದು ಹೇಳುತ್ತೆ, ಯಾವುದು ಅಂತ ಹೇಳಲ್ಲ. 300 ತೋರಿಸೋ ನೀರಲ್ಲೂ ಫ್ಲೋರೈಡ್ ಜಾಸ್ತಿ ಇರಬಹುದು, 900ರಲ್ಲಿ ಕಮ್ಮಿ ಇರಬಹುದು.

ಚಿಂತಾಮಣಿ_ಎಕ್ಸ್‌ಪ್ರೆಸ್
ಮೀಟರ್ ಅಂದ್ರಲ್ಲ ಅದಕ್ಕೆ ಹೇಳ್ತೀನಿ, ನಮ್ಮನೆಗೆ ಒಬ್ಬ ಸೇಲ್ಸ್‌ನವ್ನು ಬಂದಿದ್ದ. ಎರಡು ಲೋಟ ಇಟ್ಟ, ಒಂದ್ರಲ್ಲಿ ನಮ್ಮ ನೀರು, ಇನ್ನೊಂದ್ರಲ್ಲಿ ಅವ್ನ ಆರ್‌ಓ ನೀರು. ಕರೆಂಟ್ ಕಡ್ಡಿ ಅದ್ದಿದ ನೋಡಿ, ನಮ್ಮ ಲೋಟದಲ್ಲಿ ಕೆಂಪು ಹಸಿರು ಗಸಿ ಏಳ್ತು, ಅಮ್ಮ ಬಾಯಿ ಮೇಲೆ ಕೈ ಇಟ್ಕೊಂಡ್ರು, "ಇಷ್ಟು ದಿನ ಇದನ್ನ ಕುಡುದ್ವಾ" ಅಂತ ಅಲ್ಲೇ ಅಡ್ವಾನ್ಸ್ ಕೊಟ್ಟೇಬಿಟ್ರು. ಆಮೇಲೆ ಡಿಪ್ಲೊಮಾ ಓದೋ ನನ್ನ ತಂಗಿ ಹೇಳಿದ್ಳು, ಆ ಗಸಿ ನೀರಿಂದಲ್ಲ, ಕಬ್ಬಿಣದ ಕಡ್ಡಿ ಕರಗಿ ಬರೋದಂತೆ. ಆರ್‌ಓ ನೀರಲ್ಲಿ ಲವಣ ಇಲ್ಲ, ಕರೆಂಟ್ ಹರಿಯಲ್ಲ, ಅದಕ್ಕೆ ಅದು ತಿಳಿಯಾಗೇ ಇತ್ತು. ಅದಕ್ಕೆ ಒಂದು ಚಿಟಿಕೆ ಉಪ್ಪು ಹಾಕಿ ಅದ್ದಿದ್ರೆ ಅದೂ ಅದೇ ಬಣ್ಣ!

ಮಾಲೂರು_ಪ್ಲಂಬರ್
ಈ ಕಡ್ಡಿ ಆಟ ಇನ್ನೂ ನಡೀತಿದ್ಯಾ, ನಾನು ಕೆಲ್ಸ ಕಲಿಯೋವಾಗ್ಲೇ ಇತ್ತು.

ಟೊಮೇಟೊ_ಬಾಕ್ಸ್
ಸರಿ ಸೇಲ್ಸ್‌ನವ್ರು ಮೋಸ ಮಾಡ್ತಾರೆ ಒಪ್ತೀನಿ. ಆದ್ರೆ ಆರ್‌ಓ ಫ್ಲೋರೈಡ್ ತೆಗೆಯುತ್ತೆ ಅನ್ನೋದು ಸುಳ್ಳಾ? ಸರ್ಕಾರಾನೇ ಊರೂರಿಗೆ ಶುದ್ಧ ನೀರಿನ ಘಟಕ ಹಾಕಿದೆ, ಅದೂ ಆರ್‌ಓನೇ.

ಶಿಡ್ಲಘಟ್ಟ_ಗೂಡು
ಸುಳ್ಳಲ್ಲ, ಚೆನ್ನಾಗೇ ತೆಗೆಯುತ್ತೆ. ಬೇರೆ ದಾರಿ ಇಲ್ದಿರೋ ಕಡೆ ಅದೇ ದೇವ್ರು. ನನ್ನ ತಕರಾರು ಅದು ಚೆಲ್ಲೋ ನೀರಿನ ಮೇಲೆ. ಮನೆ ಆರ್‌ಓ 1 ಲೀಟರ್ ಒಳ್ಳೇ ನೀರು ಕೊಡೋಕೆ 2-3 ಲೀಟರ್ ಆ ಕರೀ ಪೈಪಲ್ಲಿ ಹೊರಗೆ ಬಿಡುತ್ತೆ. ದಿನಕ್ಕೆ 25 ಲೀಟರ್ ಬೇಕಾದ್ರೆ 50-75 ಲೀಟರ್ ಮೋರಿಗೆ. 1300 ಅಡಿಯಿಂದ ಕರೆಂಟ್ ಸುರಿದು ಎತ್ತಿರೋ ನೀರು ಅದು. ನಮ್ಮಂಥ ಜಿಲ್ಲೇಲಿ, ವರ್ಷಪೂರ್ತಿ ಹರಿಯೋ ಒಂದು ನದಿ ಇಲ್ದಿರೋ ಜಿಲ್ಲೇಲಿ! 2019ರಲ್ಲಿ ಹಸಿರು ನ್ಯಾಯಮಂಡಳಿ ಟಿಡಿಎಸ್ 500ಕ್ಕಿಂತ ಕಮ್ಮಿ ಇರೋ ಕಡೆ ಆರ್‌ಓ ನಿಲ್ಲಿಸಿ ಅಂದಿದ್ದೂ ಈ ಚೆಲ್ಲೋ ನೀರಿಗೇನೇ.

ಟೊಮೇಟೊ_ಬಾಕ್ಸ್
ಇವ್ರದ್ದು 900 ಇದೆ, ಆ ಆರ್ಡರ್ ಇವ್ರಿಗೆ ಅನ್ವಯ ಆಗಲ್ಲ. ಮತ್ತೆ ಆ ನೀರು ಯಾಕೆ ಮೋರಿಗೆ ಬಿಡ್ತೀರಿ, ನಾವು ಬಕೆಟಲ್ಲಿ ಹಿಡ್ಕೊಂಡು ಗಿಡಕ್ಕೆ ಹಾಕ್ತೀವಿ.

ರಾಗಿಹೊಲ
ಗಿಡಕ್ಕೆ ಹಾಕ್ಬೇಡಿ ಅಣ್ಣ! ಅದ್ರಲ್ಲಿ ಮೊದ್ಲಿದ್ದ ಉಪ್ಪೆಲ್ಲಾ ಒಟ್ಟಾಗಿ ಬಂದಿರುತ್ತೆ. ಹಾಕ್ತಾ ಹೋದ್ರೆ ಕುಂಡದ ಮಣ್ಣು ಮೇಲೆ ಬಿಳೀ ಉಪ್ಪು ಕಟ್ಟುತ್ತೆ, ಎಲೆ ತುದಿ ಸುಟ್ಟಂಗಾಗುತ್ತೆ. ಟಾಯ್ಲೆಟ್ಟಿಗೆ, ನೆಲ ಒರೆಸೋಕೆ, ಪಾತ್ರೆ ಮೊದಲ ಸಲ ತೊಳೆಯೋಕೆ ಹಾಕಿ. ಇನ್ನೊಂದು, ಕೆಲವರು ಬುದ್ಧಿವಂತಿಕೆ ಮಾಡಿ ಅದನ್ನ ಇಂಗುಗುಂಡಿಗೆ ಬಿಡ್ತಾರೆ. ಅದಂತೂ ಬೇಡ್ವೇ ಬೇಡ, ಮೇಲಕ್ಕೆತ್ತಿದ ವಿಷ ಗಟ್ಟಿ ಮಾಡಿ ವಾಪಸ್ ಕೆಳಗೆ ಬಿಟ್ಟಂಗೆ ಆಗುತ್ತೆ.

ಟೊಮೇಟೊ_ಬಾಕ್ಸ್
ಓ ಅದಕ್ಕೇನಾ ನಮ್ಮ ಕರಿಬೇವು ಏಳ್ತಾನೇ ಇಲ್ಲ.

ಕ್ಯಾನ್_ಅಣ್ಣ
ಯಾರೂ ಕ್ಯಾನ್ ಬಗ್ಗೆ ಮಾತಾಡ್ತಿಲ್ಲ. ದಿನಕ್ಕೊಂದು 20 ಲೀಟರ್ ಕ್ಯಾನ್ ಅಂದ್ರೂ ತಿಂಗ್ಳಿಗೆ ಸಾವಿರದ ಹತ್ರ, ಫೋನ್ ಮಾಡಿದ್ರೆ ಬಾಗಿಲಿಗೆ. ಘಟಕದ ಹತ್ರ ಹೋದ್ರೆ 5 ರೂಪಾಯಿ ಕಾಯಿನ್ನಿಗೆ 20 ಲೀಟರ್. ಇಷ್ಟೆಲ್ಲಾ ತಲೆ ಯಾಕೆ ಕೆಡಿಸ್ಕೊಬೇಕು?

ಬೇಳೆಸಾರು_ಅಕ್ಕ
ಘಟಕ ಕೆಟ್ಟು ನಿಂತಾಗ ಕೊಡ ಹಿಡ್ಕೊಂಡು ಪಕ್ಕದೂರಿಗೆ ಹೋಗೋದು ಯಾರು ತಮ್ಮಾ, ಹೆಂಗಸ್ರು ತಾನೇ? ಗಂಡಸ್ರು ಬೈಕಲ್ಲಿ ಒಂದು ಕ್ಯಾನ್ ತಂದು ಸೇವೆ ಮಾಡ್ದಂಗೆ ಮುಖ ಮಾಡ್ತಾರೆ.

ಚಿಂತಾಮಣಿ_ಎಕ್ಸ್‌ಪ್ರೆಸ್
ಅಕ್ಕ ಸಿಕ್ಸರ್

ಕ್ಯಾನ್_ಅಣ್ಣ
ನಾನು ಎರಡು ಕ್ಯಾನ್ ತರ್ತೀನಿ ಅಕ್ಕ.

ಪಾವಗಡ_ಬಿಸಿಲು
ಕ್ಯಾನಿಗೆ ನನ್ನ ಆಕ್ಷೇಪ ಏನಂದ್ರೆ ಒಳಗಿರೋ ನೀರು ಯಾವ್ದು ಅಂತ ಯಾರೂ ಕೇಳಲ್ಲ. ಮೇಲೆ ಸೀಲ್ ಇದ್ರೆ ಸಾಕು. ಟೆಂಪೋಲಿ ಬಿಸಿಲಲ್ಲಿ ಎಷ್ಟೊತ್ತು ಕಾದಿರುತ್ತೋ, ಕ್ಯಾನ್ ಒಳಗೆ ಕೈ ಹಾಕಿ ಉಜ್ಜೋಕೂ ಆಗಲ್ಲ, ಹಸಿರು ಪಾಚಿ ಕಟ್ಟಿರೋ ಕ್ಯಾನ್ ನಾನೇ ವಾಪಸ್ ಕಳಿಸಿದೀನಿ. ಐಎಸ್ಐ ನಂಬರ್ ಇದ್ಯಾ ಅಂತಾದ್ರೂ ನೋಡಿ ತಗೊಳಿ.

ಬಂಗಾರಪೇಟೆ_ಲೋಕಲ್
ಇಷ್ಟೆಲ್ಲಾ ಮಾತಾಡ್ತಿದೀರಿ, ಬೆಂಗ್ಳೂರಿಂದ ಕೆರೆಗಳಿಗೆ ಬಿಡೋ ಕೆ.ಸಿ. ವ್ಯಾಲಿ ನೀರು ಬಂದ್ಮೇಲೆ ನಮ್ಮ ಕಡೆ ಬೋರಲ್ಲಿ ನೀರು ಮೇಲೆ ಬಂದಿದೆ, ಮೊದ್ಲಿನಷ್ಟು ಉಪ್ಪಿಲ್ಲ. ಇನ್ನೊಂದು ಸ್ವಲ್ಪ ವರ್ಷ ಹೋದ್ರೆ ಯಾವ್ದೂ ಬೇಕಾಗಲ್ಲ.

ರಾಗಿಹೊಲ
ಬಂತಪ್ಪಾ ಕೆ.ಸಿ. ವ್ಯಾಲಿ. ಬೆಂಗ್ಳೂರಿನ ಚರಂಡಿ ನೀರು ಎರಡು ಹಂತ ಶುದ್ಧ ಮಾಡಿ ಬಿಡ್ತಾರೆ, ಮೂರನೇ ಹಂತ ಮಾಡಿ ಅಂತ ಎಷ್ಟು ಹೋರಾಟ ಆಯ್ತು. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂದ ಸ್ವಲ್ಪ ದಿನಕ್ಕೇ ನೊರೆ ಎದ್ದು ಕೋರ್ಟಿಗೆ ಹೋಗಿದ್ದು ಮರೆತ್ರಾ?

ಬಂಗಾರಪೇಟೆ_ಲೋಕಲ್
ಮರೆತಿಲ್ಲ. ಅದಕ್ಕೆ ಮುಂಚೆ ಕೆರೇಲಿ ಏನಿತ್ತು ಅಂತಾನೂ ಮರೆತಿಲ್ಲ. ಬರೀ ಜಾಲಿ ಗಿಡ. ತುಂಬಿದ ಕೆರೆ ನೋಡದೆ ಒಂದು ತಲೆಮಾರೇ ದೊಡ್ಡದಾಯ್ತು. ನೀವು ಟ್ಯಾಂಕರ್‌ಗೆ ಎಷ್ಟು ಕೊಟ್ಟಿದೀರಿ ಆವಾಗ?

ರಾಗಿಹೊಲ
ಕೆರೆ ತುಂಬಿದ್ದು ಸಂತೋಷ ಅಣ್ಣ, ನಾನೂ ರೈತ್ನೇ. ಆ ನೀರು ಅಂತರ್ಜಲ ಇಂಗಿಸೋಕೆ ಅಂತ ತಂದಿದ್ದು, ಕುಡಿಯೋಕಲ್ಲ. ಕೆರೆ ಕೆಳಗಿನ ಬೋರ್ ನೀರನ್ನ ಮಕ್ಳಿಗೆ ಟೆಸ್ಟ್ ಇಲ್ದೆ ಕುಡಿಸ್ಬೇಡಿ ಅಂತಷ್ಟೇ ನಾನು ಹೇಳೋದು.

ನಂದಿ_ತಪ್ಪಲು
ನಮ್ಮ ಚಿಕ್ಕಬಳ್ಳಾಪುರಕ್ಕೆ ಎಚ್.ಎನ್. ವ್ಯಾಲಿ. ಪಾಲಾರ್, ಪಿನಾಕಿನಿ ಎಲ್ಲಾ ಹುಟ್ಟೋದು ನಮ್ಮ ಕಡೆ ಬೆಟ್ಟಗಳಲ್ಲಿ, ನಮ್ಮ ಕೆರೆಗಳಿಗೆ ಮಾತ್ರ ಬೆಂಗ್ಳೂರು ತೊಳೆದ ನೀರು. ಪಶ್ಚಿಮ ಘಟ್ಟದಿಂದ ತರ್ತೀವಿ ಅಂದಿದ್ದ ಎತ್ತಿನಹೊಳೆ ನೀರು ಯಾವಾಗ ಬರುತ್ತೋ.

ಟೊಮೇಟೊ_ಬಾಕ್ಸ್
2014ರಲ್ಲಿ ಶಂಕುಸ್ಥಾಪನೆ, 2024ರಲ್ಲಿ ಸಕಲೇಶಪುರದಲ್ಲಿ ಮೋಟ್ರು ಆನ್ ಮಾಡಿದ್ರು. ಕೋಲಾರ ತಲುಪೋ ಹೊತ್ತಿಗೆ ಇವ್ರ ಮನೆಗೆ ಸೆಕೆಂಡ್ ಫ್ಲೋರ್ ಆಗಿರುತ್ತೆ.

ಅಡ್ಮಿನ್
ಕೆ.ಸಿ. ವ್ಯಾಲಿ, ಎತ್ತಿನಹೊಳೆಗೆ ಬೇರೆ ಥ್ರೆಡ್ ಇದೆ, ಅಲ್ಲಿ ಹೊಡೆದಾಡಿ. ಇಲ್ಲಿ ಮನೆ ವಿಷ್ಯ.

ನೀಲಗಿರಿ_ವಿರೋಧಿ
ನೀಲಗಿರಿ ತೋಪು ಕಿತ್ತಾಕದೆ ಏನು ಮಾಡಿದ್ರೂ ವೇಸ್ಟು. ಹೇಳ್ಬಿಟ್ಟೆ.

ಅಡ್ಮಿನ್
ಅದಕ್ಕೂ ಬೇರೆ ಥ್ರೆಡ್ ಇದೆ ಸಾರ್, ನೀವೇ ಶುರು ಮಾಡಿದ್ದು.

ತುಮಕೂರು_ಹಲಸು
ನಾನು ಸ್ವಲ್ಪ ಉಲ್ಟಾ ಮಾತಾಡ್ತೀನಿ. ಮಳೆನೀರಲ್ಲಿ ಮಿನರಲ್ಸೇ ಇರಲ್ಲ, ಅದನ್ನೇ ಕುಡೀತಾ ಇದ್ರೆ ಮೂಳೆ ಸವೆಯುತ್ತೆ ಅಂತಾರಲ್ಲ? ಮತ್ತೆ ತಾರಸಿ ಮೇಲೆ ಪಾರಿವಾಳ, ಇಲಿ, ಬೆಕ್ಕು ಎಲ್ಲಾ ಓಡಾಡಿರುತ್ತೆ. ಅದನ್ನ ಮಕ್ಳಿಗೆ ಕೊಡೋದು ಅಂದ್ರೆ ನನಗೆ ಧೈರ್ಯ ಸಾಲಲ್ಲ.

ಶ್ರೀನಿವಾಸಪುರ_ಮೇಷ್ಟ್ರು
ಮಿನರಲ್ ಆರ್‌ಓ ನೀರಲ್ಲೂ ಕಮ್ಮೀನೇ. ನಮಗೆ ಕ್ಯಾಲ್ಸಿಯಂ ಮುಖ್ಯವಾಗಿ ಬರೋದು ಊಟದಿಂದ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ಮುದ್ದೆ ತಿನ್ನೋ ಜಿಲ್ಲೆಯವರು ನೀರಿನ ಮಿನರಲ್ಲಿಗೆ ಯಾಕೆ ಚಿಂತೆ ಮಾಡಬೇಕು? ಇನ್ನೊಂದು ಲಾಭ, ಊಟದಲ್ಲಿ ಕ್ಯಾಲ್ಸಿಯಂ ಚೆನ್ನಾಗಿದ್ದರೆ ದೇಹ ಫ್ಲೋರೈಡನ್ನ ಕಮ್ಮಿ ಹೀರುತ್ತೆ. ಮಕ್ಕಳಿಗೆ ಬಿಸ್ಕತ್ತು ಕಮ್ಮಿ ಮಾಡಿ ಹಾಲು, ರಾಗಿ, ನುಗ್ಗೆಸೊಪ್ಪು ಕೊಡಿ. ಪಾರಿವಾಳದ ಮಾತು ಮಾತ್ರ ನಿಜ, ಅದಕ್ಕೆ ಉತ್ತರ ಪ್ಲಂಬರ್ ಹೇಳಲಿ.

ಮಾಲೂರು_ಪ್ಲಂಬರ್
ಹೇಳ್ತೀನಿ ಸಾರ್, ಉದ್ದ ಆಗುತ್ತೆ ಓದ್ಕೊಳಿ. ಮಳೆಗಾಲ ಶುರು ಆಗೋಕೆ ಮುಂಚೆ ತಾರಸಿ ಪೊರಕೆ ಹಾಕಿ ತೊಳೀಬೇಕು, ಇದು ಪ್ರತಿ ವರ್ಷದ ಕೆಲಸ, ಮಾಡಲ್ಲ ಅನ್ನೋರು ಆರ್‌ಓನೇ ಹಾಕ್ಸಿ. ಆಮೇಲೆ ಪ್ರತಿ ಮಳೆಗೂ ಮೊದ್ಲು ಬರೋ ನೀರು ಟ್ಯಾಂಕಿಗೆ ಹೋಗ್ಬಾರ್ದು. ಧೂಳು, ಹಿಕ್ಕೆ ಎಲ್ಲಾ ಅದ್ರಲ್ಲೇ ಬರೋದು. 1000 ಚದರಡಿ ತಾರಸಿಗೆ ಮೊದಲ 2 ಮಿ.ಮೀ ಬಿಡೋಕೆ 200 ಲೀಟರ್ ಡ್ರಮ್ ಒಂದು ಸಾಕು. ಇಳಿಯೋ ಪೈಪಿಗೆ ಟೀ ಜಾಯಿಂಟ್ ಹಾಕಿ ಡ್ರಮ್ಮಿಗೆ ಕೊಟ್ರೆ ಡ್ರಮ್ ತುಂಬಿದ್ಮೇಲೆ ನೀರು ತಾನಾಗೇ ಫಿಲ್ಟರ್ ಕಡೆ ತಿರುಗುತ್ತೆ, ಡ್ರಮ್ ತಳದಲ್ಲಿ ನಲ್ಲಿ ಇಟ್ಟು ಮಳೆ ನಿಂತ್ಮೇಲೆ ಖಾಲಿ ಮಾಡಿ, ಆ ನೀರು ಗಿಡಕ್ಕೆ ಹಾಕ್ಬಹುದು. ಫಿಲ್ಟರ್ ಅಂದ್ರೆ ದೊಡ್ಡ ಡ್ರಮ್ಮಲ್ಲಿ ಕೆಳಗೆ ದಪ್ಪ ಜಲ್ಲಿ, ಮೇಲೆ ಸಣ್ಣ ಜಲ್ಲಿ, ಇದ್ದಲು, ಮೇಲೆ ತೊಳೆದ ಮರಳು, ನಡುನಡುವೆ ನೈಲಾನ್ ಜಾಲರಿ. ವರ್ಷಕ್ಕೊಂದ್ಸಲ ತೆಗೆದು ತೊಳೀಬೇಕು. ಟ್ಯಾಂಕಿಗೆ ಬೆಳಕು ಹೋಗ್ಬಾರ್ದು, ಹೋದ್ರೆ ಪಾಚಿ. ಓವರ್‌ಫ್ಲೋ ಪೈಪಿನ ಬಾಯಿಗೆ ಸೊಳ್ಳೆ ಜಾಲರಿ ಕಟ್ಟಿ, ಕಟ್ಟಿಲ್ಲ ಅಂದ್ರೆ ಡೆಂಗಿ ಸೊಳ್ಳೆಗೆ ನೀವೇ ತೊಟ್ಟಿ ಕಟ್ಟಿಕೊಟ್ಟಂಗೆ. ಇಷ್ಟು ಮಾಡಿದ ನೀರನ್ನೂ ಕುಡಿಯೋಕೆ ಮುಂಚೆ ಕುದಿಸಿ, ಅಥ್ವಾ ಯುವಿ ಫಿಲ್ಟರ್ (ಬೆಳಕಲ್ಲಿ ಕ್ರಿಮಿ ಕೊಲ್ಲೋದು) ಹಾಕಿ, ಅದು ನೀರು ಚೆಲ್ಲಲ್ಲ.

ನಂದಿ_ತಪ್ಪಲು
ನೋಡಿದ್ರಾ, ಕುದಿಸಿ ಅಂತ ನಾನು ಮೊದ್ಲೇ ಹೇಳಿದ್ದೆ.

ಪಾವಗಡ_ಬಿಸಿಲು
ಮಳೆನೀರಿಗೆ ಸರಿ ಸಾರ್. ಅದ್ರಲ್ಲಿ ಫ್ಲೋರೈಡ್ ಇಲ್ಲ, ಕ್ರಿಮಿ ಒಂದೇ ಚಿಂತೆ.

ತುಮಕೂರು_ಹಲಸು
ಕ್ಲಿಯರ್ ಆಯ್ತು ಪ್ಲಂಬರ್ ಅಣ್ಣ. ಆದ್ರೂ ವರ್ಷಾ ವರ್ಷಾ ತೊಳೆಯೋದು, ಡ್ರಮ್ ಖಾಲಿ ಮಾಡೋದು, ಎಷ್ಟು ಮನೇಲಿ ಮಾಡ್ತಾರೆ? ಬೆಂಗ್ಳೂರಲ್ಲಿ 2009ರಿಂದ ಮಳೆಕೊಯ್ಲು ಕಡ್ಡಾಯ ಮಾಡಿದ್ರು, ನಮ್ಮ ಚಿಕ್ಕಪ್ಪನ ಮನೇಲಿ ಪೈಪು ಇದೆ, ಡ್ರಮ್ ಇದೆ, ಡ್ರಮ್ ಒಳಗೆ ಹಳೇ ಚಪ್ಲಿ ಇದೆ.

ಶಿಡ್ಲಘಟ್ಟ_ಗೂಡು
ಚಿಕ್ಕಪ್ಪಂಗೆ ಕಾವೇರಿ ಬರುತ್ತೆ, ಅದಕ್ಕೆ ಚಪ್ಲಿ. ಅದೇ ಬೆಂಗ್ಳೂರಲ್ಲಿ ವಿಜ್ಞಾನಿ ಎ.ಆರ್. ಶಿವಕುಮಾರ್ ಅವ್ರು 1990ರ ದಶಕದಿಂದ ಕಾವೇರಿ ಕನೆಕ್ಷನ್ನೇ ಇಲ್ದೆ ಮಳೆನೀರಲ್ಲಿ ಸಂಸಾರ ಮಾಡ್ತಿರೋದೂ ಇದೆ.

ವೇಮಗಲ್_ಹುಡ್ಗ
ಎಲ್ರಿಗೂ ಥ್ಯಾಂಕ್ಸ್, ಇಷ್ಟು ಬರುತ್ತೆ ಅಂದ್ಕೊಂಡಿರ್ಲಿಲ್ಲ. ಹೆಂಡ್ತಿಗೂ ಓದ್ಸಿದೆ, ಬೇಳೆಸಾರು ಅಕ್ಕನ ಮೆಸೇಜ್ ಎರಡು ಸಲ ಓದಿದ್ಳು. ಈಗ ಜಾಗದ ಸಮಸ್ಯೆ. ಸೈಡಲ್ಲಿ ಮೂರಡಿ ಬಿಟ್ಟಿದೀವಿ ಅಷ್ಟೇ, 5 ಸಾವಿರ ಲೀಟರಿನ ಕಪ್ಪು ಟ್ಯಾಂಕ್ ಅಲ್ಲಿ ಹಿಡಿಯಲ್ಲ. ಮೇಸ್ತ್ರಿ ಈಗ ಇನ್ನೊಂದು ಐಡಿಯಾ ಕೊಟ್ಟ, ಬೋರ್‌ನೀರಿನ ಸಂಪ್ ಹೆಂಗೂ ಕಟ್ತೀವಿ, ಅದ್ರ ಮಧ್ಯೆ ಒಂದು ಗೋಡೆ ಹಾಕಿ ಅರ್ಧ ಮಳೆನೀರಿಗೆ ಬಿಡೋಣ ಅಂತ. ದುಡ್ಡು ಉಳಿಯುತ್ತೆ. ಹೆಂಗೆ?

ಮಾಲೂರು_ಪ್ಲಂಬರ್
ಬೇಡ. ನಡುಗೋಡೆ ಒಂದಲ್ಲ ಒಂದಿನ ಜಿನುಗುತ್ತೆ. ಒಂದು ಕಡೆ ತುಂಬಿ ಇನ್ನೊಂದು ಕಡೆ ಖಾಲಿ ಇದ್ದಾಗ ಒತ್ತಡ ಪೂರ್ತಿ ಅದರ ಮೇಲೆ. ಬೋರ್‌ನೀರು ಸೇರಿದ್ರೆ ನಿಮಗೆ ಗೊತ್ತೂ ಆಗಲ್ಲ, ಮಳೆನೀರು ಅಂದ್ಕೊಂಡು ಕುಡೀತಿರ್ತೀರಿ.

ಚಿಂತಾಮಣಿ_ಎಕ್ಸ್‌ಪ್ರೆಸ್
ಪೋರ್ಟಿಕೋ ಸ್ಲ್ಯಾಬ್ ಮೇಲೆ ಇಡ್ಬಹುದಲ್ಲ? ತಾರಸಿಗಿಂತ ಕೆಳಗಿರುತ್ತೆ, ಅಡುಗೆಮನೆ ನಲ್ಲಿಗಿಂತ ಮೇಲಿರುತ್ತೆ. ಮೋಟ್ರೇ ಬೇಡ.

ಮಾಲೂರು_ಪ್ಲಂಬರ್
ಐಡಿಯಾ ಚೆನ್ನಾಗಿದೆ, ಆದ್ರೆ 5 ಸಾವಿರ ಲೀಟರ್ ಅಂದ್ರೆ 5 ಟನ್. ಪೋರ್ಟಿಕೋಗೆ ಯಾವ ಮೇಸ್ತ್ರಿನೂ ಅಷ್ಟು ಕಂಬಿ ಕಟ್ಟಿರಲ್ಲ. ಎಂಜಿನಿಯರ್ ಸೈನ್ ಇಲ್ದೆ ಇಡ್ಬೇಡಿ. 500 ಲೀಟರ್ ಇಟ್ಟು ದೊಡ್ಡದನ್ನ ಪೋರ್ಟಿಕೋ ಕೆಳಗೆ ಸಂಪ್ ಮಾಡಿ, ಖಾಲಿ ಆಗ್ತಾ ಬಂದಾಗ ಸಣ್ಣ ಮೋಟ್ರಲ್ಲಿ ಮೇಲಕ್ಕೆ ಹಾಕ್ಕೊಳಿ. ಸಂಪಿನ ಬಾಯಿ ನೆಲದಿಂದ ಅರ್ಧ ಅಡಿ ಮೇಲಿರ್ಲಿ, ಕಾರ್ ತೊಳೆದ ನೀರು ಒಳಗೆ ಹೋಗ್ಬಾರ್ದು. ಟಾಯ್ಲೆಟ್ ಗುಂಡಿಯಿಂದ ಎಷ್ಟು ದೂರ ಆಗುತ್ತೋ ಅಷ್ಟು ದೂರ.

ಶಿಡ್ಲಘಟ್ಟ_ಗೂಡು
6 ಸಾವಿರ ಲೀಟರ್, ಮೇಸ್ತ್ರಿ ರೇಟಲ್ಲೇ 1 ಲಕ್ಷ 20 ಸಾವಿರ. ಕ್ಯಾನಿಗೆ ಸುರಿಯೋ ತಿಂಗಳ ಸಾವಿರದ ಲೆಕ್ಕದಲ್ಲಿ ಹತ್ತು ವರ್ಷಕ್ಕೆ ಸಮ. ಆರ್‌ಓಗೂ ಮೆಂಬ್ರೇನು (ನೀರು ಸೋಸೋ ಪೊರೆ), ಸರ್ವಿಸು, ಕರೆಂಟು ಅಂತ ಇದ್ದೇ ಇದೆ, ಗಡಸು ನೀರಲ್ಲಿ ಮೆಂಬ್ರೇನ್ ಬೇಗ ಕಟ್ಟುತ್ತೆ. ಬರೀ ದುಡ್ಡಲ್ಲೇ ನೋಡಿದ್ರೆ ಸಂಪ್ ತಕ್ಷಣ ಗೆಲ್ಲಲ್ಲ, ಅದನ್ನ ಮುಚ್ಚಿಡೋದು ಬೇಡ. ಮಕ್ಳ ಹಲ್ಲು, ಬೇಳೆ, ಮೋರಿಗೆ ಹೋಗೋ ನೀರು ಸೇರಿಸಿ ನೋಡಿದ್ರೆ ನನ್ನ ಓಟು ಸಂಪಿಗೆ.

ಟೊಮೇಟೊ_ಬಾಕ್ಸ್
ನನ್ನ ಓಟು ಈಗ್ಲೂ ಆರ್‌ಓಗೆ, ಆದ್ರೆ ಸಣ್ಣದೊಂದು. ಎರಡು ವರ್ಷ ಮಳೆ ಕೈ ಕೊಟ್ರೆ ಆಗ ಏನ್ ಕುಡೀತಾರೆ? ಸ್ಟ್ಯಾಂಡ್‌ಬೈ ಇರ್ಲಿ.

ಬೇಳೆಸಾರು_ಅಕ್ಕ
ಮಳೆ ಕೈ ಕೊಟ್ಟ ವರ್ಷ ನಾವು ಕಡೇ ಎರಡು ತಿಂಗ್ಳು ಘಟಕದ ನೀರು ತಂದ್ವಿ. ಅಷ್ಟೇ ತಾನೇ. ಹತ್ತು ತಿಂಗ್ಳು ಉಳೀತಲ್ಲ.

ಹಾಳೆತಟ್ಟೆ_ಗುಬ್ಬಿ
ಗೃಹಪ್ರವೇಶಕ್ಕೆ ದಯವಿಟ್ಟು ಅರ್ಧ ಲೀಟರ್ ಬಾಟ್ಲಿ ಇಡ್ಬೇಡಿ. ಮೊನ್ನೆ ಒಂದು ಮದುವೇಲಿ ನೋಡ್ದೆ, ಎರಡು ಗುಟುಕು ಕುಡಿದು ಬಿಟ್ಟಿರೋ ಬಾಟ್ಲಿ ಗುಡ್ಡೆ ಬಿದ್ದಿತ್ತು. ಶಾಮಿಯಾನದವ್ರ ಹತ್ರ ಸ್ಟೀಲ್ ಲೋಟ ಬಾಡಿಗೆಗೆ ಸಿಗುತ್ತೆ, ತೊಳೆಯೋಕೆ ಇಬ್ರಿಗೆ ಕೂಲಿ ಕೊಡಿ. ಊಟಕ್ಕೆ ನಮ್ಮ ತುಮಕೂರಿನ ಅಡಿಕೆ ಹಾಳೆ ತಟ್ಟೆ, ಇಲ್ಲ ಬಾಳೆಲೆ. ಒಳಗೆ ಪ್ಲಾಸ್ಟಿಕ್ ಲೇಯರ್ ಇರೋ ಪೇಪರ್ ತಟ್ಟೆ ಹಸುನೂ ತಿನ್ನಲ್ಲ, ಮಣ್ಣೂ ತಿನ್ನಲ್ಲ.

ಕ್ಯಾನ್_ಅಣ್ಣ
ಹಸು ತಿನ್ನುತ್ತೆ ಸಾರ್, ಅದೇ ಪ್ರಾಬ್ಲಂ.

ಹಾಳೆತಟ್ಟೆ_ಗುಬ್ಬಿ
ಅದೂ ನಿಜ.

ಬಂಗಾರಪೇಟೆ_ಲೋಕಲ್
ಚಾಟ್ ಸ್ಟಾಲ್ ಇಡ್ತೀರಾ? ಬಂಗಾರಪೇಟೆ ಪಾನಿಪೂರಿ ಬೇಕಂದ್ರೆ ಹೇಳಿ, ಹುಡುಗ್ರಿದಾರೆ. ಅದರ ಪಾನಿ ಮಾತ್ರ ಯಾವ ನೀರು ಅಂತ ಕೇಳ್ಬೇಡಿ.

ವೇಮಗಲ್_ಹುಡ್ಗ
ಹ್ಹಹ್ಹ ಆಯ್ತು. ಹಂಗಾದ್ರೆ ಪೋರ್ಟಿಕೋ ಕೆಳಗೆ 6 ಸಾವಿರ ಲೀಟರ್ ಸಂಪ್ ಅಂತ ಮಾತಾಡ್ತೀನಿ, ಸೋಮವಾರ ಬೋರ್‌ನೀರು ಟೆಸ್ಟಿಗೆ ಕೊಡ್ತೀನಿ. ರಿಪೋರ್ಟ್ ನೋಡಿ ಆರ್‌ಓ ಸ್ಟ್ಯಾಂಡ್‌ಬೈ ಬೇಕಾ ಬೇಡ್ವಾ ಡಿಸೈಡ್ ಮಾಡೋಣ ಅಂದ್ಳು ಹೆಂಡ್ತಿ. ತಮ್ಮ ಇನ್ನೂ ಕ್ಯಾನ್ ಪಾರ್ಟೀಲೇ ಇದಾನೆ. ಮೋಲ್ಡಿಗೆ ಮುಂಚೆ ಬೇರೆ ಏನಾದ್ರೂ ನೋಡ್ಬೇಕಾ?

ಮಾಲೂರು_ಪ್ಲಂಬರ್
ತಾರಸಿ ಇಳಿಜಾರು ಎಲ್ಲಾ ಒಂದೇ ಮೂಲೆಗೆ ಬರ್ಲಿ, ನಾಲ್ಕು ಕಡೆ ನಾಲ್ಕು ಪೈಪ್ ಇಳಿಸಿದ್ರೆ ಆಮೇಲೆ ಜೋಡಿಸೋಕೆ ಒದ್ದಾಡ್ತೀರಿ. ನಾಲ್ಕಿಂಚಿನ ಪೈಪಿಗೆ ಜಾಗ ಈಗ್ಲೇ ಬಿಡಿಸಿ. ಅಡುಗೆಮನೆ ಸಿಂಕಿಗೆ ಎರಡು ನಲ್ಲಿ, ಮಳೆನೀರಿಂದಕ್ಕೆ ಬೇರೆ ಲೈನು. ತಾರಸಿ ಮೇಲೆ ಟಾರ್ ಶೀಟ್ ಹಾಕಿಸ್ಬೇಡಿ, ಕುಡಿಯೋ ನೀರಿಗೆ ಅದು ಬೇಡ, ಸಿಮೆಂಟ್ ಫಿನಿಷ್ ಅಥವಾ ಟೈಲ್ಸ್ ಸಾಕು.

ನಂದಿ_ತಪ್ಪಲು
ನಮ್ದು ಹಳೇ ಮನೆ, ಹೆಂಚಿನದು. ನಮಗೆ ಆಗುತ್ತಾ?

ಮಾಲೂರು_ಪ್ಲಂಬರ್
ಆಗುತ್ತೆ ಸಾರ್. ಪಿವಿಸಿ ಪೈಪು ಉದ್ದಕ್ಕೆ ಸೀಳಿ ಸೂರಿನ ಕೆಳಗೆ ಕಟ್ಟಿ, ಒಂದು ಕಡೆಗೆ ಸ್ವಲ್ಪ ಇಳಿಜಾರು ಕೊಡಿ. ಮೊದಲ ಮಳೆ ಬಿಡೋದು ಹೆಂಚಿಗೂ ಅಷ್ಟೇ. ಹೆಂಚು ನಮ್ಮ ಮಾಲೂರಿಂದೇನಾ?

ನಂದಿ_ತಪ್ಪಲು
ಗೊತ್ತಿಲ್ಲ ಕಣಪ್ಪ, ನಮ್ಮ ತಾತ ಹಾಕಿಸಿದ್ದು. ನಾಳೆ ಏಣಿ ಹಾಕಿ ನೋಡ್ತೀನಿ.

ಬೇಳೆಸಾರು_ಅಕ್ಕ
ಏಣಿ ಹಿಡ್ಕೊಳ್ಳೋಕೆ ಯಾರನ್ನಾದ್ರೂ ಕರ್ಕೊಳಿ ಅಣ್ಣ.